ಗೊರೇಬಾಳದಲ್ಲಿ ಬಸ್ಸು ನಿಲ್ಲಿಸಿದ ಸ್ವೀಡನ್ನಿನ ಮಾಜಿ ಸಂಸದೆ

ಸಿಂಧನೂರಿನ ಭತ್ತದ ಗದ್ದೆ ನೋಡಲು ಬಂದಿದ್ದ ಸ್ವೀಡನ್ನಿನ ಮಾಜಿ ಸಂಸದೆಗೆ ನಾನು ದುಭಾಷಿ. ಗೊರೇಬಾಳದ ರಸ್ತೆ ಬದಿ ಹುಲಿಗೆಮ್ಮನ ಅಂಗಡಿಯಲ್ಲಿ ಇಬ್ಬರೂ ಮಿರ್ಚಿ ಬಜ್ಜಿ ತಿನ್ನುತ್ತಿದ್ದೆವು.

"ಇವ್ರು ಎಷ್ಟು ಸಲ ಗೆದ್ದಾರ್ರೀ?" ಹುಲಿಗೆಮ್ಮ ಕೇಳಿದಳು.

"ತಮ್ಮ ದೇಶದಾಗ ಎರಡು ಸಲ, ಯುರೋಪಿನ ಸಂಸತ್ತಿಗೆ ಒಂದ್ಸಲ. ಕಡೀಗೆ ಸೋತಾರ," ಎಂದೆ.

ಸೋಲು ಅವಳ ಕಿವಿಗೇ ಬೀಳಲಿಲ್ಲ. ಕಡಲೆಹಿಟ್ಟಿನ ಡಬ್ಬಿಯಡಿಯಿಂದ ಮಡಚಿದ ಹಾಳೆ ತೆಗೆದು ಸಂಸದೆಯ ಕೈಗಿತ್ತಳು. ಬಸ್ಸು ಇಲ್ಲಿ ನಿಲ್ಲಬೇಕೆಂಬ ಅರ್ಜಿ. ಕೆಳಗೆ ಹೆಂಗಸರ ಹೆಬ್ಬೆಟ್ಟುಗಳ ಸಾಲು.

"ಯಾವ ಲೀಡರ್ ಬಂದ್ರೂ ಕೊಡಾಕಂತ ತಯಾರ್ ಇಟ್ಟೀನ್ರೀ."

ನಾನು ಓದಿ ಹೇಳಿದೆ. ಸಂಸದೆ ಕೈಯೊರೆಸಿಕೊಂಡು ಎದ್ದವರೇ ನೆಟ್ಟಗೆ ರಸ್ತೆಗೆ ನಡೆದರು. ದೂರದಿಂದ ಬರುತ್ತಿದ್ದ ಬಸ್ಸಿಗೆ ಅರ್ಜಿ ಹಿಡಿದ ಕೈಯನ್ನೇ ಎತ್ತಿದರು. ಡ್ರೈವರ್ ಗಾಬರಿಯಾಗಿ ಬ್ರೇಕ್ ಒತ್ತಿದ. ಬೇವಿನ ಮರದಡಿ ಆಟೋಗೆ ಕಾಯುತ್ತಿದ್ದ ಹೆಂಗಸರು ಬುಟ್ಟಿಗಳೊಡನೆ ಕೇಕೆ ಹಾಕುತ್ತ ಹತ್ತಿಕೊಂಡರು. ಸಂಸದೆ ಆಗಷ್ಟೇ ಚುನಾವಣೆ ಗೆದ್ದವರಂತೆ ಎರಡೂ ಕೈ ಬೀಸಿದರು.

ಅವರು ಮರಳಿದಾಗ ಹುಲಿಗೆಮ್ಮ ಬಿಸಿ ಮಿರ್ಚಿ ಹಾಕಿ, ನಗುನಗುತ್ತಲೇ ಅವರ ಕೈಯಿಂದ ಹಾಳೆ ಬಿಡಿಸಿಕೊಂಡಳು.

"ಇದು ಇಲ್ಲೇ ಇರ್ಲಿ ಬಿಡ್ರೀ. ಇವ್ರು ಊರಿಗೆ ಹೋಗ್ತಾರ. ನಮಗ ಬಸ್ ನಾಳೇನೂ ನಿಲ್ಬೇಕಲ್ಲ?"