ಐಸ್ ಮೀನು ಬೇಡವೆಂದ ಮನೆ

ಸಿದ್ದಪ್ಪ ಹುಟ್ಟಿದ್ದು ಗಜೇಂದ್ರಗಡದ ಹತ್ತಿರದ ಒಂದು ಹಳ್ಳಿಯಲ್ಲಿ. ಇಪ್ಪತ್ತೆರಡು ವರ್ಷವಾಗುವ ತನಕ ಅವರು ಕಡಲು ಕಂಡಿರಲಿಲ್ಲ. ಅಂಥವರು ದುಬೈಗೆ ಬಂದು ಅಲ್ ಮುರಕ್ಕಬಾತಿನ ಒಂದು ಜಪಾನಿ ಹೋಟೆಲಿನಲ್ಲಿ ಅನ್ನದ ಉಂಡೆಯ ಮೇಲೆ ಹಸಿ ಮೀನಿಡುವ ಸುಶಿ ಮಾಡುತ್ತಾರೆ ಎಂದು ಗೊತ್ತಾದ ದಿನ ನಾನು ನಾವಿಬ್ಬರೂ ಇದ್ದ ಬಿಲ್ಡಿಂಗಿನ ಲಿಫ್ಟಿನಲ್ಲೇ ಜೋರಾಗಿ ನಕ್ಕಿದ್ದೆ.

ನಾನು ಉಳ್ಳಾಲದ ಬ್ಯಾರಿ. ನನ್ನ ಅಜ್ಜ ದೋಣಿ ಇಟ್ಟವರು. ಮೀನಿನ ವಿಷಯದಲ್ಲಿ ನನಗೆ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದು ನಂಬಿದ್ದವನು. "ಎಂತ ಸಿದ್ದಪ್ಪಣ್ಣ, ಜೋಳದ ರೊಟ್ಟಿ ಮೇಲೆ ಮೀನು ಇಡ್ತೀರಾ?" ಎಂದು ಸಿಕ್ಕಿದಾಗಲೆಲ್ಲ ಕೆಣಕುತ್ತಿದ್ದೆ. ಅವರೂ ನಗುತ್ತಿದ್ದರು.

ಆ ಹೋಟೆಲಿನಲ್ಲಿ ಅವರು ಎರಡು ವರ್ಷ ಪಾತ್ರೆ ತೊಳೆದರು. ಮೂರು ವರ್ಷ ಅನ್ನ ಮಾತ್ರ ಮಾಡಿದರು. ಆಮೇಲೆ ಚಾಕು ಕೈಗೆ ಬಂತು. ಮನೆಯಲ್ಲಿ ಹೆಂಡತಿ ನಿಂಗವ್ವ ಮೀನು ಮುಟ್ಟುವವರಲ್ಲ. ಡ್ಯೂಟಿ ಮುಗಿಸಿ ಬಂದ ಸಿದ್ದಪ್ಪ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ. ಇದನ್ನೂ ನಾನು ಹತ್ತು ಜನರ ಮುಂದೆ ಹೇಳಿ ನಗಿಸಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಗಳು ಜುಮಾನಾ ಹತ್ತನೆಯ ತರಗತಿ ಪಾಸಾದಾಗ "ಉಪ್ಪಾ, ಗೆಳತಿಯರಿಗೆ ಮನೆಯಲ್ಲೇ ಸುಶಿ ಊಟ ಬೇಕು" ಎಂದಳು. ನಾನು ಸಿದ್ದಪ್ಪನವರ ಬಾಗಿಲು ತಟ್ಟಿದೆ. ಅವರು ಖುಷಿಯಿಂದ ಒಪ್ಪಿದರು.

"ಮೀನ ನಾ ತರ್ತೀನ್ರಿ ಮಸೂದ್ ಭಾಯ್. ನಮ್ಮ ಹೋಟೆಲ್‍ದಾಗ ಮೈನಸ್ ಇಪ್ಪತ್ತರಾಗ ಏಳು ದಿನ ಇಟ್ಟಿದ್ದು. ಸಮುದ್ರದ ಮೀನಿನ್ಯಾಗ ಹುಳ ಇರ್ತಾವ. ಆ ಥಂಡಿಗೇ ಸಾಯ್ತಾವ."

ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಡೆ ಮದುವೆ ಊಟಕ್ಕೆ ಐಸ್ ಮೀನು ಹಾಕಿದರೆ ಆ ಮನೆಯ ಮಾನ ಹೋದಂತೆ, ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. "ನನ್ನ ಮನೆಯಲ್ಲಿ ಐಸ್ ಮೀನಾ? ಬೇಡ ಮಾರಾಯ್ರೆ. ಮೀನು ನಾನೇ ತರ್ತೇನೆ, ನೀವು ಅನ್ನ ನೋಡಿಕೊಳ್ಳಿ" ಎಂದೆ.

ಆ ಶನಿವಾರ ಬೆಳಿಗ್ಗೆ ದೇರಾದ ಮೀನು ಮಾರ್ಕೆಟಿಗೆ ಹೋಗಿ ಒಂದು ಅಂಜಲ್ ಮೀನು ತಂದೆ. ಕಿವಿರು ಕೆಂಪಗೆ, ಕಣ್ಣು ಹೊಳೆಯುತ್ತಿತ್ತು, ಒತ್ತಿದರೆ ಗಟ್ಟಿ. ಸಿದ್ದಪ್ಪ ನಮ್ಮ ಅಡುಗೆಮನೆಯಲ್ಲಿ ಅನ್ನಕ್ಕೆ ವಿನೆಗರ್ ಬೆರೆಸಿ, ಬೀಸಣಿಗೆಯಲ್ಲಿ ಗಾಳಿ ಹಾಕಿ ಆರಿಸಿ, ಒಂದೇ ಅಳತೆಯ ಉಂಡೆ ಕಟ್ಟಿಟ್ಟರು. ಆಮೇಲೆ ಮೀನನ್ನು ಮುಟ್ಟಿ ನೋಡಿದರು.

"ಮೀನ ಭಾಳ ಛಲೋ ಐತ್ರಿ. ಆದ್ರ ಹಸೀದು ಬ್ಯಾಡ. ಹುಳ ಐತೋ ಇಲ್ಲೋ ಕಿವಿರು ನೋಡಿದ್ರ ತಿಳಿಯೂದಿಲ್ಲ. ಕರದು ಮ್ಯಾಲ ಇಡ್ರಿ, ಹುಡುಗರು ತಿಂತಾರ."

"ಆಯ್ತು, ಫ್ರೈ ಮಾಡ್ತೇವೆ" ಎಂದೆ. ಅವರು ನಂಬಿ ಡ್ಯೂಟಿಗೆ ಹೋದರು.

ನಾನು ಫ್ರೈ ಮಾಡಲಿಲ್ಲ. ಹೆಂಡತಿ ಜುಬೈದ ಬೇಡಬೇಡವೆಂದರೂ ಕೇಳದೆ ಅಂಜಲನ್ನು ನಾನೇ ತೆಳ್ಳಗೆ ಕೊಯ್ದು ಆ ಉಂಡೆಗಳ ಮೇಲೆ ಇಟ್ಟೆ. ಅಷ್ಟೂ ಸಾಲದೆಂಬಂತೆ, ಮಕ್ಕಳ ಮುಂದೆ ತಟ್ಟೆ ಇಡುವಾಗ ದೊಡ್ಡಸ್ತಿಕೆಯಿಂದ, "ಹೋಟೆಲಿನ ಸಿದ್ದಪ್ಪ ಅಂಕಲ್ ಮಾಡಿದ್ದು, ತಿನ್ನಿ" ಎಂದೆ.

ಸಂಜೆಯೊಳಗೆ ಜುಮಾನಾ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದಳು. ಆಸ್ಪತ್ರೆಯಲ್ಲಿ ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆಯಿಂದ ಒಂದು ಹುಳ ತೆಗೆದರು. ಬಿಳಿ ನೂಲಿನಂಥದ್ದು, ಇನ್ನೂ ಅಲುಗುತ್ತಿತ್ತು. ಬೇರೆ ಮಕ್ಕಳಿಗೆ ಏನೂ ಆಗಲಿಲ್ಲ, ಅಲ್‍ಹಮ್ದುಲಿಲ್ಲಾಹ್. ಆದರೆ ಒಬ್ಬ ಗೆಳತಿಯ ತಾಯಿ ಎಲ್ಸಿ ಹೆದರಿ, ಸಿಟ್ಟಿನಿಂದ ಸಿದ್ದಪ್ಪನವರ ಹೋಟೆಲಿಗೇ ಫೋನ್ ಮಾಡಿದರು. ಮ್ಯಾನೇಜರು ಸಿದ್ದಪ್ಪನವರ ಮಾತು ನಂಬದೆ ಅವರ ಕೈಯಿಂದ ಚಾಕು ತೆಗೆದು ಮತ್ತೆ ಪಾತ್ರೆ ತೊಳೆಯಲು ಹಾಕಿದರು. ವಿಚಾರಣೆ ಮುಗಿಯುವವರೆಗೆ ಅಷ್ಟೇ ಕೆಲಸ, ಆಮೇಲೆ ಅದೂ ಇರುತ್ತದೋ ಇಲ್ಲವೋ.

ಇದೆಲ್ಲ ನನಗೆ ಮರುದಿನವೇ ಗೊತ್ತಾಯಿತು. ನಾನು ಬಾಯಿ ಬಿಡಲಿಲ್ಲ. ಒಂದು ದಿನವಲ್ಲ, ನಾಲ್ಕು ದಿನ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ, ಅವರು ಎದುರಾದಾರೆಂದು. "ಯಾವಾಗ ಹೇಳ್ತೀರಿ?" ಎಂದು ಜುಬೈದ ದಿನಾ ಕೇಳಿದಳು. ನಾಳೆ ಎಂದೆ.

ಐದನೆಯ ದಿನ ಸಿದ್ದಪ್ಪನವರೇ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ. ಹುಡುಗಿಗೆಂದು ನಿಂಗವ್ವ ಮಾಡಿಕೊಟ್ಟ ಗಂಜಿ. ಸೋಫಾದಲ್ಲಿ ಮಲಗಿದ್ದ ಜುಮಾನಾ ಅವರನ್ನು ಕಂಡದ್ದೇ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಸಿದ್ದಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅವಳಿಗೆ ನಾನು ಏನು ಹೇಳಿದ್ದೇನೆಂದು ಅವರಿಗೆ ಆ ಕ್ಷಣದಲ್ಲೇ ತಿಳಿಯಿತು. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ. ಹೇಳಿಬಿಟ್ಟರೆ ಸಾಕಪ್ಪ ಎಂದೂ ಅನಿಸಿತು.

"ತಪ್ಪಾತವ್ವಾ" ಎಂದರು ಅವರು, ಅವಳ ಬೆನ್ನಿಗೆ. "ಇನ್ನೊಮ್ಮೆ ಹಂಗ ಆಗೂದಿಲ್ಲ." ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟು ಹೊರಗೆ ನಡೆದರು.

ಮಗಳ ಕಣ್ಣಲ್ಲಿ ನನ್ನ ಮಾನ ಉಳಿಯಲೆಂದು ಅವರು ಆ ಮಾತು ಆಡಿದ್ದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಲಿಫ್ಟಿನವರೆಗೆ ಹಿಂದೆಯೇ ಓಡಿ ಅವರ ಕೈ ಹಿಡಿದುಕೊಂಡೆ. "ತಪ್ಪು ನನ್ನದು ಸಿದ್ದಪ್ಪಣ್ಣ, ಮಾಫ್ ಮಾಡಿ" ಎಂದೆ.

"ನಂಗ್ಯಾಕ ಹೇಳ್ತೀರಿ? ನಂಗ ಗೊತ್ತೈತಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಒಳಗ ಹೋಗಿ ಹೇಳ್ರಿ."

ಅಲ್ಲೇ ನಿಂತು ಮೊದಲು ಅವರ ಮ್ಯಾನೇಜರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಗುರುತು ಪರಿಚಯವಿಲ್ಲದವರ ಮುಂದೆ ಅದು ಸುಲಭವಾಗಿತ್ತು. ಆಮೇಲೆ ಒಳಗೆ ಹೋಗಿ ಜುಮಾನಾಳ ಕಾಲ ಬಳಿ ಕೂತು ಹೇಳಿದೆ. ಮೀನು ತಂದದ್ದು ನಾನು, ಹಸಿಯಾಗಿ ಕೊಯ್ದದ್ದು ನಾನು, ಸುಳ್ಳು ಹೇಳಿದ್ದೂ ನಾನು.

ಅವಳು ಎದ್ದು ಕೂತು ಗಂಜಿಯ ಡಬ್ಬಿಯನ್ನು ಮಡಿಲಿಗೆಳೆದುಕೊಂಡಳು.

"ದೆನ್ ವೈ ಡಿಡ್ ಅಂಕಲ್ ಸೇ ಸಾರಿ, ಉಪ್ಪಾ?" ಎಂದು ಕೇಳಿದಳು.