ತೆಂಕು ಕೋಣೆಯ ಸ್ವಿಚ್ಚು

ನಾನು ಸಿಟ್ಟಿನ ಹೆಂಗಸು ಅಂತ ಊರಿಡೀ ಹೇಳುತ್ತದೆ. ಹೇಳಲಿ. ಮೂವತ್ತೆರಡು ವರ್ಷದ ತನಕ ನಾನು ಹೀಗಿರಲಿಲ್ಲ. ಯಾರು ಏನು ಹೇಳಿದರೂ ಹೂಂ ಅನ್ನುವ ಜಾತಿ. ಅಣ್ಣ ಹೇಳಿದರಂತೂ ಮುಗಿಯಿತು, ಅದರ ಮೇಲೆ ಮಾತಿಲ್ಲ. ಆಮೇಲೆ ನನ್ನ ಕೋಣೆಯ ಗೋಡೆಯಲ್ಲೊಂದು ಸ್ವಿಚ್ಚು ಕೂತಿತು. ನಾನು ಈಗ ಹೇಗಿದ್ದೇನೋ ಹಾಗಾದದ್ದು ಅದರಿಂದ.

ನಮ್ಮ ಮನೆ ಬ್ರಹ್ಮಾವರದಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನ ರಸ್ತೆಯ ಬದಿಗೇ ಇತ್ತು. ನಮ್ಮದು ಅಳಿಯಸಂತಾನ. ಮನೆ ಹೆಣ್ಣಿನದು, ಯಜಮಾನಿಕೆ ಅವಳ ಅಣ್ಣನದು ಅಥವಾ ತಮ್ಮನದು. ಮದುವೆಯಾದ ಆರನೇ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡಾಗ ನಾನು ಪೆಟ್ಟಿಗೆ ಹಿಡಿದುಕೊಂಡು ಸೀದಾ ತಾಯಿಮನೆಗೆ ಬಂದೆ. ಯಾರನ್ನೂ ಕೇಳುವ ಅಗತ್ಯವೇ ಇರಲಿಲ್ಲ. ರಸ್ತೆಯ ಕಡೆಗಿದ್ದ ತೆಂಕು ಕೋಣೆಯ ಬಾಗಿಲು ತೆಗೆದು ಅಮ್ಮ "ಇದ್ ನಿಂದ್" ಅಂದಳು. ಅಷ್ಟೇ. ಮರುವರ್ಷ ಅಮ್ಮನೂ ಹೋದಳು. ಅಣ್ಣ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದ, ಅತ್ತಿಗೆ ಮತ್ತು ಮಕ್ಕಳು ಊರ ಮನೆಯಲ್ಲೇ ಇದ್ದರು. ನಾನು ಕಿಟಕಿಯ ಕೆಳಗೆ ಹೊಲಿಗೆ ಮಿಶಿನು ಇಟ್ಟುಕೊಂಡು ಊರಿನ ಹೆಂಗಸರ ರವಕೆ ಹೊಲಿಯುತ್ತಿದ್ದೆ. ಆ ಕೋಣೆ ಬಿಟ್ಟರೆ ಈ ಭೂಮಿಯ ಮೇಲೆ ನನ್ನದು ಅಂತ ಹೇಳಿಕೊಳ್ಳಲು ಬೇರೆ ಜಾಗ ಇರಲಿಲ್ಲ.

ಹೊಲಿಗೆಯವಳಿಗೆ ಸಂಜೆ ಅಂದರೆ ಶತ್ರು. ಬೆಳಕು ಇಳಿಯಿತೆಂದರೆ ಸೂಜಿಯ ಕಣ್ಣು ಕಾಣುವುದಿಲ್ಲ. ಚಿಮಣಿ ಬುಡ್ಡಿ ಹತ್ತಿರಕ್ಕೆ ತಂದರೆ ಬಿಳಿ ಬಟ್ಟೆಗೆ ಮಸಿ. ಹಾಗಾಗಿ ನಮ್ಮ ರಸ್ತೆಗೆ ಕರೆಂಟಿನ ಕಂಬ ಬಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು.

ಅದು ಅರವತ್ತರ ದಶಕದ ಮೊದಲ ವರ್ಷಗಳು. ಕರೆಂಟು ಹಾಕಿಸಿಕೊಂಡ ಮನೆಗಳಲ್ಲಿ ಗೋಡೆಯ ಮೇಲೆ ಉದ್ದಕ್ಕೆ ಮರದ ಪಟ್ಟಿ ಹೊಡೆದು ಅದರ ಮೇಲೆ ವಯರು ಎಳೆಯುತ್ತಿದ್ದರು. ಅಣ್ಣನಿಗೆ ಅದು ಸರಿಬರಲಿಲ್ಲ. ಬೊಂಬಾಯಿಯ ದೊಡ್ಡ ಮನೆಗಳಲ್ಲಿ ಗೋಡೆ ಕೊರೆದು, ಒಳಗೆ ಪೈಪು ಹೂತು, ಪೈಪಿನೊಳಗೆ ವಯರು ಬಿಡುವುದನ್ನು ಅವನು ನೋಡಿದ್ದ. ಎರಡು ತಿಂಗಳ ರಜೆಗೆ ಬಂದವನು ಚಾವಡಿಯಲ್ಲಿ ಕೂತು ಹೇಳಿದ:

"ಗೋಡಿ ಮೇಲೆ ಒಂದ್ ಎಳೆ ವಯರೂ ಕಾಂಬುಕಾಗ. ರೇಡಿಯೊದ್ದೂ ಅಷ್ಟೆ. ಎಲ್ಲ ಒಳ್ಗೇ."

ಬೈಂದೂರು ಕಡೆಯ ಒಬ್ಬ ವಯರ್‌ಮ್ಯಾನನ್ನು ಕರೆಸಿದ. ಆ ಮನುಷ್ಯ ಮೂರು ವಾರ ನಮ್ಮ ಮನೆಯಲ್ಲೇ ಉಳಿದ. ಅವನಿಗೆ ಮೂರು ಹೊತ್ತೂ ಬಡಿಸಿದವಳು ನಾನು. ಬಂಗುಡೆ ಸಾರು ಎರಡೆರಡು ಸಲ ಹಾಕಿಸಿಕೊಂಡು "ಅಕ್ಕ, ನಿಮ್ ಕೈಯಡ್ಗಿ ಉಂಡ್ರೆ ಮನಿಗ್ ಹೋಪುಕೇ ಮನ್ಸ್ ಆತಿಲ್ಲೆ" ಅನ್ನುತ್ತಿದ್ದ. ಕೇಳಿ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕೆಲಸ ಶುರುವಾಗುವ ಮುಂಚೆ ಅಣ್ಣ ನನ್ನ ಕೋಣೆಗೂ ಬಂದ. ಕೈಯಲ್ಲಿ ಇದ್ದಿಲಿನ ತುಂಡು.

"ನಿಂಗ್ ಸ್ವಿಚ್ ಎಲ್ಲ್ ಬೇಕ್ ಹೆಣೆ?"

ನಾನು ಮಿಶಿನಿನ ಮುಂದೆ ಕೂತು, ಎಡಗೈ ಚಾಚಿ, ಬೆರಳು ತಾಗಿದ ಜಾಗ ತೋರಿಸಿದೆ. ಅಣ್ಣ ಅಲ್ಲೇ ಒಂದು ಗುರುತು ಹಾಕಿದ. ಗಂಡ ಸತ್ತ ಮೇಲೆ ನನಗೆ ಏನು ಬೇಕು, ಎಲ್ಲಿ ಬೇಕು ಅಂತ ಯಾರೂ ಕೇಳಿರಲಿಲ್ಲ. ಅವತ್ತು ಅಣ್ಣನಿಗೆ ಅಂತ ಕೊಟ್ಟೆ ಕಡುಬು ಮಾಡಿದ್ದೆ.

ಮುರಕಲ್ಲಿನ ಗೋಡೆ ಕೊರೆದರೆ ಮನೆಯೆಲ್ಲ ಕೆಂಪು ಧೂಳು. ವಯರ್‌ಮ್ಯಾನ್ ಉಳಿಯಿಂದ ಸೀಳು ತೋಡಿ ಪೈಪು ಕೂರಿಸುತ್ತಿದ್ದ. ಏಣಿ ಹತ್ತಬೇಕಾದ ಮೇಲಿನ ಭಾಗವನ್ನು ಅವನೇ ಮುಚ್ಚುತ್ತಿದ್ದ. ಕೆಳಗಿನದು ಮನೆಯ ಹೆಂಗಸರ ಪಾಲು. ಕಡಲ ಬದಿಯ ಕೋಡಿ ಊರಿನಿಂದ ತರಿಸಿದ ಚಿಪ್ಪಿಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಕಲಸಿ, ಸೀಳಿಗೆ ಮೆತ್ತಿ, ನುಣುಪು ಕಲ್ಲಿನಲ್ಲಿ ಉಜ್ಜುವುದು. ನೆಲ ಗೋಡೆ ಉಜ್ಜುವುದು ನಮ್ಮ ಕಡೆ ಹೆಂಗಸರದೇ ಕೆಲಸ, ಗಂಡಸರ ಕೈಗೆ ಆ ನುಣುಪು ಬರುವುದಿಲ್ಲ. ಅತ್ತಿಗೆ ಬಾಣಂತಿ. ಹಾಗಾಗಿ ಇಡೀ ಮನೆಯ ಗೋಡೆ ಮುಚ್ಚಿದವಳು ನಾನೊಬ್ಬಳೇ. ಸುಣ್ಣಕ್ಕೆ ಬೆರಳ ತುದಿಯ ಚರ್ಮ ಕಿತ್ತುಹೋಗಿತ್ತು.

ನಾನು ನೂಲು ತರಲು ಕುಂದಾಪುರಕ್ಕೆ ಹೋದ ದಿವಸ ನನ್ನ ಕೋಣೆಯ ಕೆಲಸ ಆಗಿತ್ತು. ಬಂದು ನೋಡಿದರೆ ಸ್ವಿಚ್ಚಿನ ಪೆಟ್ಟಿಗೆ ಕೂತಿದೆ, ಪೈಪು ಮೇಲೆ ಹೋಗಿದೆ, ಮೇಲ್ಭಾಗಕ್ಕೆ ಮರದ ಮುಚ್ಚಿಗೆಯ ತನಕ ಸುಣ್ಣ ಮೆತ್ತಿದೆ, ಮುಚ್ಚಿಗೆಯಿಂದ ಬಲ್ಬಿನ ಹೋಲ್ಡರು ನೇತಾಡುತ್ತಿದೆ.

"ನಿಮ್ ಕ್ವಾಣಿ ಒಂದೇ ದಿನದಗ್ ಮುಗ್ಸಿದೆ ಅಕ್ಕ" ಅಂದ ವಯರ್‌ಮ್ಯಾನ್.

ನಾನು ಸೀರೆ ಬದಲಿಸಿ ಸುಣ್ಣ ಕಲಸಿದೆ. ಪೆಟ್ಟಿಗೆಯಿಂದ ನನ್ನ ಕೈ ಎಟಕುವಷ್ಟು ಎತ್ತರದವರೆಗೆ ಪೈಪು ಮುಚ್ಚಿದೆ. ಬೇರೆ ಕೋಣೆಗಳಿಗಿಂತ ಹೆಚ್ಚು ಹೊತ್ತು ಉಜ್ಜಿದೆ.

ಕರೆಂಟು ಕೊಟ್ಟ ದಿನ ಮೈನ್ ಬೋರ್ಡಿಗೆ ಕುಂಕುಮ ಹಚ್ಚಿ ಹೂ ಇಟ್ಟೆವು. ಅಣ್ಣ ನನ್ನನ್ನೇ ಮುಂದೆ ಕರೆದ. "ಮನಿ ಹೆಣ್ಣ್ ಹಚ್ಚುದ್ ಮೊದ್ಲ್" ಅಂದ. ನಾನು ಚಾವಡಿಯ ಸ್ವಿಚ್ಚು ಒತ್ತಿದೆ. ಬೆಳಕು ಬಂತು, ಮಕ್ಕಳು ಚಪ್ಪಾಳೆ ತಟ್ಟಿದರು, ಅತ್ತಿಗೆ ಕೈಮುಗಿದರು. ರೇಡಿಯೊ ಹಾಡಿತು. ನಾನು ನನ್ನ ಕೋಣೆಗೆ ಓಡಿದೆ, ಆ ವಯಸ್ಸಿನಲ್ಲಿ ಓಡಿದೆ. ಟಕ್ ಅಂತ ಸದ್ದು ಬಂತು, ಬೆಳಕು ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ.

"ವಯರ್ ಕಡ್ಮಿ ಬಿತ್ತ್" ಅಂದ ಅಣ್ಣ ಬಾಗಿಲಲ್ಲಿ ನಿಂತು. "ಒಳ್ಗ್ ಪೈಪ್ ಇತ್ತಲೆ, ಬೊಂಬಾಯಿಂದ ವಯರ್ ಕಳ್ಸಿರೆ ಅರ್ಧ ಗಂಟಿ ಕೆಲ್ಸ. ನಾನ್ ಇಲ್ಯಾ?"

ಅವನಿದ್ದಾನಲ್ಲ, ಮತ್ತೇನು ಚಿಂತೆ ಅಂದುಕೊಂಡೆ.

ಒಂದು ವರ್ಷ ದಾಟಿತು. ನಾನು ಕಾಗದ ಬರೆದೆ, ಬರುವ ತಿಂಗಳು ಅಂತ ಉತ್ತರ ಬಂತು. ಮತ್ತೆ ಬರೆದೆ, ಮಕ್ಕಳ ಆರೋಗ್ಯ ವಿಚಾರಿಸಿ ಉತ್ತರ ಬಂತು. ಪಕ್ಕದ ಕೋಣೆಯ ಬೆಳಕು ಬಾಗಿಲ ಸಂದಿಯಿಂದ ಬಂದು ನನ್ನ ನೆಲದ ಮೇಲೆ ಒಂದು ಗೆರೆ ಹಾಕುತ್ತಿತ್ತು, ನಾನು ಬುಡ್ಡಿ ಇಟ್ಟುಕೊಂಡು ಕಾಜಾ ಹೊಲಿಯುತ್ತಿದ್ದೆ. "ಚಾವಡಿಗ್ ಬಂದ್ ಹೊಲಿಲಕ್ಕಲೆ" ಅಂತ ಅತ್ತಿಗೆ ಒಮ್ಮೆ ಅಂದರು, ನನ್ನ ಮುಖ ನೋಡದೆ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಆ ವಯರ್‌ಮ್ಯಾನ್ ಕಂಡ. "ಹ್ವಾಯ್" ಅಂತ ಕರೆದೆ. ನನ್ನನ್ನು ಕಂಡವನೇ ಬೇರೆ ಯಾವುದೋ ಊರಿನ ಬಸ್ಸು ಹತ್ತಿಬಿಟ್ಟ. ಕೆಲಸ ಅರ್ಧ ಬಿಟ್ಟ ನಾಚಿಕೆ, ಪಾಪ, ಅಂದುಕೊಂಡೆ. ಎಂಥ ಪೆದ್ದು ನಾನು.

ಕಡೆಗೆ ನಾನೇ ಒಂದು ಸುರುಳಿ ವಯರು ಕೊಂಡು, ಬ್ರಹ್ಮಾವರದಿಂದ ಇನ್ನೊಬ್ಬ ವಯರ್‌ಮ್ಯಾನನ್ನು ಕರೆಸಿದೆ. ವಯಸ್ಸಾದವರು, ಮಾತು ಕಡಿಮೆ. ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಪೈಪಿನೊಳಗೆ ಗಟ್ಟಿ ತಂತಿ ತೂರಿಸಿದರು. ಒಂದು ತೋಳಿನಷ್ಟು ಹೋಯಿತು, ಇನ್ನೂ ಸ್ವಲ್ಪ ಹೋಯಿತು, ನಿಂತಿತು. ತಿರುಗಿಸಿದರು, ಎಳೆದರು, ಮತ್ತೆ ತೂರಿಸಿದರು. ಅಲ್ಲೇ ನಿಂತಿತು.

"ಇದ್ ಮುಂದ್ ಹೋತಿಲ್ಲೆ ಅಮ್ಮ. ಗೋಡಿ ಒಡ್ದೇ ಕಾಣ್ಕ್. ಯಜಮಾನ್ರನ್ನ್ ಕೇಂಡ್ಕಣಿ."

ನಾನು ಅವರ ಕೈಯಿಂದ ಉಳಿ ತೆಗೆದುಕೊಂಡೆ. ಸ್ಟೂಲು ಹತ್ತಿ, ನಾನೇ ಮೆತ್ತಿದ ಸುಣ್ಣವನ್ನು ನಾನೇ ಒಡೆದೆ. ಪೈಪು ಕಂಡಿತು. ಅದರ ಜೊತೆಗೇ ಮೇಲಕ್ಕೆ ಒಡೆಯುತ್ತ ಹೋದೆ. ನನ್ನ ಸುಣ್ಣ ಮುಗಿದು ಆ ಬೈಂದೂರಿನವನ ಸುಣ್ಣ ಶುರುವಾದ ಜಾಗದಿಂದ ಒಂದು ಗೇಣು ಮೇಲೆ ಪೈಪು ಮುಗಿದಿತ್ತು. ಅದರ ಬಾಯಿಗೆ ತೆಂಗಿನ ನಾರು ತುರುಕಿತ್ತು. ಅಲ್ಲಿಂದ ಮೇಲೆ ಗೋಡೆಯನ್ನು ಕೊರೆದೇ ಇರಲಿಲ್ಲ. ಹಾಳೆಯಷ್ಟು ತೆಳುವಾಗಿ ಸುಣ್ಣ ಬಳಿದದ್ದು, ಅಷ್ಟೇ. ನನ್ನ ಕೈ ಎಷ್ಟು ಎತ್ತರಕ್ಕೆ ಎಟಕುತ್ತದೆ ಎಂಬುದು ಇದನ್ನು ಮಾಡಿದವರಿಗೆ ಸರಿಯಾಗಿ ಗೊತ್ತಿತ್ತು.

ಆ ಹಿರಿಯರು ಬಹಳ ಹೊತ್ತು ನೋಡಿದರು. "ಇದ್ ತಪ್ಪಿ ಆದ್ದಲ್ಲ ಅಮ್ಮ" ಅಂದರು. ಚೀಲ ಕಟ್ಟಿಕೊಂಡು, ಚಾ ಕೂಡ ಕುಡಿಯದೆ ಹೋದರು.

ನಾನು ಸ್ಟೂಲಿನಿಂದ ಇಳಿಯಲಿಲ್ಲ. ಅಳುವೂ ಬರಲಿಲ್ಲ. ಯಜಮಾನ ಹೇಳದೆ ಯಾವ ವಯರ್‌ಮ್ಯಾನೂ ಇಂಥ ಕೆಲಸ ಮಾಡುವುದಿಲ್ಲ. ಮೂರು ವಾರ ನನ್ನ ಕೈಯ ಅನ್ನ ಉಂಡವನು, ನನ್ನ ಒಡಹುಟ್ಟಿದವನು, ಇಬ್ಬರೂ ಸೇರಿ ನನ್ನನ್ನು ಮಂಗ ಮಾಡಿದ್ದರು. ರೇಡಿಯೊದ ತಂತಿಗೂ ಆ ಮನೆಯ ಗೋಡೆಯೊಳಗೆ ದಾರಿ ಮಾಡಿಕೊಟ್ಟಿದ್ದರು. ನನಗೆ ಮಾಡಿರಲಿಲ್ಲ.

ಒಡೆದ ಗೋಡೆಯನ್ನು ನಾನು ಮುಚ್ಚಲಿಲ್ಲ. ಬೇಸಗೆ ರಜೆಗೆ ಅಣ್ಣ ಬಂದ. ಕೋಣೆಗೆ ಬಂದವನು ಗೋಡೆ ನೋಡಿ, ಮಂಚದ ಮೇಲೆ ಕೂತುಬಿಟ್ಟ.

"ಎಂತಕೆ ಅಣ್ಣ?" ಅಂದೆ.

ಅವನು ಹೇಳಿದ. ರಸ್ತೆ ಬದಿಗೆ ಬೆಲೆ ಬಂದಿದೆ. ತೆಂಕು ಬದಿ ಕೆಡವಿ ಹೋಟೆಲು ಕಟ್ಟಬೇಕೆಂದು ಅವನು ಆಗಲೇ ಯೋಚಿಸಿದ್ದ. "ಒಡುಕಿಪ್ಪು ಕ್ವಾಣಿಗೆ ಪೈಪ್ ಎಂತಕೆ ದಂಡ ಅಂದೇಳಿ."

"ನಾನ್ ಎಲ್ಲಿರ್ಕ್?"

"ಇಷ್ಟ್ ದೊಡ್ ಮನಿ. ಎಲ್ಲಾರೂ ಇಪ್ಲಕ್ಕ್."

"ಹಂಗಾರೆ ಸ್ವಿಚ್ ಎಂತಕ್ ಹಾಕ್ದೆ?"

ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಮರೆಯಲಾರೆ. "ಎಲ್ಲರಿಗೂ ಹಾಕಿ ನಿಂಗೊಬ್ಳಿಗೆ ಹಾಕದಿದ್ರೆ ನೀನ್ ಮರ್ಕ್ತಿದ್ದೆ. ನೀನ್ ಮರ್ಕೂದ್ ಕಾಂಬುಕೆ ನನ್ನತ್ರ ಆತಿಲ್ಲೆ ಹೆಣೆ."

ನನ್ನ ಜೀವಮಾನದ ಸಿಟ್ಟೆಲ್ಲ ಆ ಮಾತಿನಿಂದ ಹುಟ್ಟಿದ್ದು. ಕೋಣೆ ಕಿತ್ತುಕೊಳ್ಳಲು ಅವನಿಗೆ ಆಗುತ್ತಿತ್ತು, ಅಳುವುದನ್ನು ನೋಡಲು ಆಗುತ್ತಿರಲಿಲ್ಲ. ಮನೆಯ ಹೆಣ್ಣು ಒಪ್ಪದೆ ಈ ಗೋಡೆಯ ಒಂದು ಕಲ್ಲು ತೆಗೆಯಲೂ ಯಜಮಾನನಿಗೆ ಬರುವುದಿಲ್ಲ, ನಾನು ಒಪ್ಪುವುದಿಲ್ಲ ಅಂದೆ. ಅವನು ಎದ್ದುಹೋದ. ರಜೆ ಮುಗಿಯುವ ತನಕ ನಾವಿಬ್ಬರೂ ಮಾತಾಡಲಿಲ್ಲ.

ಆ ಮಳೆಗಾಲ ಕಳೆದ ಮೇಲೆ ಬ್ರಹ್ಮಾವರದ ಹಿರಿಯರನ್ನೇ ಮತ್ತೆ ಕರೆಸಿ ನನ್ನ ಕೋಣೆಗೆ ಬೇರೆ ಮೀಟರು ಹಾಕಿಸಿದೆ. ಪೈಪು ಬೇಡ, ಗೋಡೆಯ ಮೇಲೆಯೇ ಮರದ ಪಟ್ಟಿ ಹೊಡೆಯಿರಿ ಅಂದೆ. ಮೀಟರಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಮುಚ್ಚಿಗೆಗೆ ಬಿಳಿ ಗೋಡೆಯ ಮೇಲೆ ಕಪ್ಪು ಗೆರೆ ಎಳೆದ ಹಾಗೆ ವಯರು ಹೋಯಿತು.

ಮುಂದಿನ ರಜೆಯಲ್ಲಿ ಅಣ್ಣ ಬಂದವನು ನನ್ನ ಕೋಣೆಯಲ್ಲಿ ಮಿಶಿನಿನ ಪಕ್ಕ ನಿಂತು ಸ್ವಿಚ್ಚು ಒತ್ತಿದ. ಬಲ್ಬು ಹತ್ತಿತು. ಪಟ್ಟಿಯ ಉದ್ದಕ್ಕೂ ಕಣ್ಣು ಓಡಿಸಿದ.

"ಗೋಡಿ ಚೆಂದ ಹಾಳ್ ಮಾಡ್ದೆ" ಅಂದ.

"ಹಾಳಾಯ್ಲಿ" ಅಂದೆ. "ಎಲ್ಲಿಂದ ಎಲ್ಲಿಗ್ ಹೋತ್ ಅಂದೇಳಿ ನಂಗ್ ಕಾಣತ್ತ್."

ಅವನು ಸ್ವಿಚ್ಚು ಆರಿಸಿ ಹೊರಗೆ ಹೋದ. ಆಮೇಲೆ ಹತ್ತು ಹದಿನೈದು ಸಲ ಊರಿಗೆ ಬಂದಿರಬಹುದು, ನನ್ನ ಕೋಣೆಗೆ ಒಮ್ಮೆಯೂ ಬರಲಿಲ್ಲ. ನಾನೂ ಕರೆಯಲಿಲ್ಲ.