ಡಾಕ್ಟರ್ ಯಲ್ಲಪ್ಪನ ಏಳನೇ ನಂಬರು

ಸಲಗರೆಯ ಕುಂದಾ ಮಿರಜಕ್ಕೆ ಬಂದಂದಿನಿಂದ ಹನ್ನೊಂದು ವರ್ಷ ಮಾಡಿದ ಕೆಲಸಕ್ಕೆ ಹೆಸರೇ ಇರಲಿಲ್ಲ. ಅವಳು ಬೇರೆಯವರ ಬದಲಿಗೆ ಕೂರುತ್ತಿದ್ದಳು. ಕರ್ನಾಟಕದ ರೋಗಿಗಳನ್ನು ತುಂಬಿಕೊಂಡ ಗಾಡಿ ಜಂಕ್ಷನ್ನು ಮುಟ್ಟುವಷ್ಟರಲ್ಲಿ ದವಾಖಾನೆಯ ಕಿಟಕಿಯ ಮುಂದೆ ನಲವತ್ತು ಮಂದಿ ನಿಂತಿರುತ್ತಿದ್ದರು. ಅದಕ್ಕೇ ಕುಂದಾ ಬೆಳಿಗ್ಗೆಯೇ ಹೋಗಿ ಅವರ ಪರವಾಗಿ ನಂಬರ್ ಹಚ್ಚುತ್ತಿದ್ದಳು. ಒಮ್ಮೆಗೇ ನಾಲ್ಕು ಸಾಲಿನಲ್ಲಿ ಪಾಳಿ ಹಿಡಿಯಬೇಕಾದರೆ ಒಂದರಲ್ಲಿ ತಾನು, ಒಂದರಲ್ಲಿ ಕೈಚೀಲ, ಉಳಿದೆರಡರಲ್ಲಿ ಎಡಗಾಲಿನದೊಂದು, ಬಲಗಾಲಿನದೊಂದು ಚಪ್ಪಲಿ. ಮಿರಜದಲ್ಲಿ ಪಾಳಿಯಲ್ಲಿಟ್ಟ ಚಪ್ಪಲಿಯನ್ನು ಯಾರೂ ದಾಟುವುದಿಲ್ಲ. ಮನುಷ್ಯರನ್ನು ದೂಡಿಕೊಂಡು ಹೋಗುವ ಗಂಡಸರೂ ಚಪ್ಪಲಿಗೆ ಮರ್ಯಾದೆ ಕೊಡುತ್ತಾರೆ.

ಆಮೇಲೆ ಕಾಲ ಹೊರಳಿತು. ಸಾಂಗಲಿ–ಮಿರಜ ರಸ್ತೆಯ ಹೊಲಗಳು ಪ್ಲಾಟುಗಳಾಗಿ, ಪ್ಲಾಟುಗಳಲ್ಲಿ ಮೋಟರ್‌ಸೈಕಲ್ ಶೋರೂಮುಗಳು ಎದ್ದವು. ಅಂಥದೊಂದು ಶೋರೂಮಿನ ಮಾಳಿಗೆಯ ಮೇಲೆ ಸಮಡೋಳಿಯ ಜೈನರ ಸಂಮೇದ, ಅಪ್ಪನ ಅರಿಶಿನ ವ್ಯಾಪಾರವನ್ನು ತಮ್ಮನಿಗೆ ಬಿಟ್ಟುಕೊಟ್ಟು, ಸಾಫ್ಟ್‌ವೇರ್ ಕಂಪನಿ ತೆಗೆದ. ಕುಂದಾ ಅಲ್ಲಿ ಫೋನ್ ಎತ್ತಲು ಸೇರಿದಳು. ಎರಡು ವರ್ಷಕ್ಕೆ ಪ್ರೋಗ್ರಾಮಿನ ತಪ್ಪು ಹುಡುಕುವ ಟೆಸ್ಟರ್ ಆದಳು. ಕಾರಣ ಇಷ್ಟೇ: ಅವಳು ಮುಟ್ಟಿದ ಪ್ರೋಗ್ರಾಮು ಕೆಡುತ್ತಿತ್ತು. ಮೊದಮೊದಲು ಬೈದರು, ಆಮೇಲೆ ಅದಕ್ಕೇ ಒಂದು ಕುರ್ಚಿ ಕೊಟ್ಟರು. ಹನ್ನೊಂದು ವರ್ಷ ಬೇರೆಯವರ ಜಾಗದಲ್ಲಿ ಕೂತವಳಿಗೆ ಆ ಕುರ್ಚಿಯೊಂದೇ ತನ್ನದು.

ಸಂಮೇದ ಮಿರಜ ಸ್ಟೇಷನ್ನಿನ ಎದುರು ನಂಬರ್ ಕೇಂದ್ರ ತೆರೆಯಲು ಹೊರಟ. ರೋಗಿ ಗಾಡಿ ಇಳಿದು ಹೆಸರು ಹೇಳಿದರೆ ಸಾಕು, ಕೇಂದ್ರದ ಕಂಪ್ಯೂಟರು ನಾಲ್ಕು ದವಾಖಾನೆಗಳ ಕಂಪ್ಯೂಟರುಗಳನ್ನು ವಿಚಾರಿಸಿ ನಂಬರ್ ಹಿಡಿದು ಚೀಟಿ ಕೊಡುತ್ತದೆ. ಆದರೆ ಪರೀಕ್ಷೆ ಮಾಡಲು ತಮ್ಮ ಕಂಪ್ಯೂಟರು ಕೊಡುವವರು ಯಾರು? ನಿಮ್ಮ ಆಟಕ್ಕೆ ನಮ್ಮ ಪಾಳಿ ಕೆಡಿಸಬೇಡಿ ಎಂದರು ದವಾಖಾನೆಯವರು. ಆಗ ಪ್ರೋಗ್ರಾಮು ಬರೆಯುವ ವೇದಾಂತ ಒಂದು ಸ್ಟಬ್ ಸರ್ವರ್ ಮಾಡಿದ. ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಅದು ದವಾಖಾನೆಯ ವೇಷ ಹಾಕಿ ಕೂತಿರುತ್ತಿತ್ತು. ನಂಬರ್ ಇದೆಯೇ ಎಂದು ಪ್ರೋಗ್ರಾಮು ಕೇಳಿದರೆ, ಮೊದಲೇ ಬರೆದಿಟ್ಟ ಉತ್ತರವನ್ನು ಕಳಿಸುತ್ತಿತ್ತು. ಕೇಳಿದ ಪ್ರೋಗ್ರಾಮಿಗೆ ಅದು ವೇಷವೆಂಬುದು ತಿಳಿಯುತ್ತಲೇ ಇರಲಿಲ್ಲ.

“ಅಂದ್ರ ಪಾಳ್ಯಾಗ ಇಟ್ಟ ನನ್ನ ಚಪ್ಪಲಿ ಇದ್ದಂಗ,” ಎಂದಳು ಕುಂದಾ.

ವೇದಾಂತನ ಮುಖ ಸಣ್ಣದಾಯಿತು. “ಅಕ್ಕಾ, ಇದು ಎಚ್‌ಟಿಟಿಪಿ ಸರ್ವರ್ ಅದ. ಚಪ್ಪಲ್ ನಾಹೀ.” ಅವನಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು; ಆಡಲು ಹೋದರೆ ನಾಲಗೆ ಮರಾಠಿಗೆ ಹೊರಳುತ್ತಿತ್ತು.

ಅವನ ಸ್ಟಬ್ಬು ಬಲು ಸಂಭಾವಿತ. ಏನು ಕೇಳಿದರೂ ರೆಪ್ಪೆ ಬಡಿಯುವಷ್ಟರಲ್ಲಿ ‘ಇನ್ನೂರು’ ಎನ್ನುತ್ತಿತ್ತು. ಸರ್ವರುಗಳ ಭಾಷೆಯಲ್ಲಿ ಇನ್ನೂರೆಂದರೆ ‘ಆಯಿತು, ಎಲ್ಲ ಸರಿ’.

“ಮಿರಜದಾಗ ಯಾವ ಕಿಟಕ್ಯಾಗ ಹಿಂಗ ಮಾತಾಡ್ತಾರಪಾ?” ಕುಂದಾ ಕೇಳಿದಳು. “ನಾ ಹನ್ನೊಂದು ವರ್ಷ ಪಾಳ್ಯಾಗ ಕುಂತೇನಿ. ಒಬ್ಬಾಂವ ಒಮ್ಮೆಗೇ ಹೂಂ ಅಂದಿದ್ದು ನೋಡಿಲ್ಲ.”

ಅರ್ಜಿ ಹಿಡಿದು ಕಚೇರಿ ಸುತ್ತಿದವರಿಗೆ ಈ ಮಾತು ವಿವರಿಸಬೇಕಿಲ್ಲ. ಕುಂದಾ ಸ್ಟಬ್ಬಿಗೆ ನಿಜವಾದ ಕಿಟಕಿಯ ಬುದ್ಧಿ ಕಲಿಸಿದಳು. ಊಟಕ್ಕೆ ಹೋಗಿದ್ದಾರೆ, ಆಮೇಲೆ ಬಾ ಎನ್ನುವುದು. ಒಂದು ನಿಮಿಷ ಕಾಯಿಸಿ ತುಟಿ ಬಿಚ್ಚದಿರುವುದು. ಒಂದೇ ನಂಬರನ್ನು ಇಬ್ಬರಿಗೆ ಕೊಡುವುದು. ಡಾಕ್ಟರರ ಹೆಸರಿನ ಜಾಗದಲ್ಲಿ, ಶೋರೂಮಿನ ಮುಂದೆ ಚಹಾದ ಗಾಡಿ ಇಟ್ಟುಕೊಂಡಿದ್ದ ಯಲ್ಲಪ್ಪನ ಹೆಸರು ಬರೆದಳು. ಸುಳ್ಳು ಡಾಕ್ಟರನಿಗೆ ಖರೇ ಡಾಕ್ಟರನ ಹೆಸರು ಯಾಕೆ?

ಪ್ರೋಗ್ರಾಮು ಈ ಬುದ್ಧಿಯ ಮುಂದೆ ಮಂಡಿ ಊರಿತು. ಸ್ಟಬ್ಬು ಸುಮ್ಮನಾದರೆ ಅದೂ ಕಲ್ಲಿನಂತೆ ಕೂತುಬಿಡುತ್ತಿತ್ತು. ಕುಂದಾ ಇಪ್ಪತ್ತೆರಡು ತಕರಾರು ಬರೆದು ಸಂಮೇದನ ಟೇಬಲ್ಲಿಗಿಟ್ಟಳು.

“ಉಗಾಚ, ಸುಮ್ಮಸುಮ್ನ ಕಿರಿಕಿರಿ ಮಾಡಾಕತ್ತಾಳ,” ಎಂದ ವೇದಾಂತ.

ಸಂಮೇದನಿಗೆ ಸೋಮವಾರದ ಉದ್ಘಾಟನೆಯ ಚಿಂತೆ. “ಕುಂದಾಬಾಯಿ, ಮಷೀನು ಹೂಂ ಅಂದ್ರೂ ನೀವು ಉಹೂಂ ಅಂತೀರಿ. ಸೋಮವಾರ ಎಲ್ಲಾ ನೆಟ್ಟಗ ಆತಂದ್ರ ನೀವು ತಿರುಗಿ ಫೋನಿನ ಮುಂದ ಕುಂದ್ರಿ. ಟೆಸ್ಟಿಂಗ್ ವೇದಾಂತನ ಮಾಡ್ಕೋತಾನ.”

ಸೋಮವಾರ ಬಂತು. ಪಾಲಿಕೆಯ ನಗರಸೇವಕರೊಬ್ಬರು ರಿಬ್ಬನ್ ಕತ್ತರಿಸಿದರು. ಶೇಡಬಾಳದಿಂದ ಮಂಡಿನೋವು ಹೊತ್ತು ಬಂದಿದ್ದ ರಾಯವ್ವ ಮೊದಲ ರೋಗಿ. ಹೆಸರು ಹೇಳಿ ಬಾಯಿ ಮುಚ್ಚುವುದರೊಳಗೆ ಚೀಟಿ ಹೊರಬಂತು. ಚಪ್ಪಾಳೆ. ಎರಡನೆಯವರಿಗೂ ಹಾಗೇ, ಮೂರನೆಯವರಿಗೂ ಹಾಗೇ. ಒಂಬತ್ತು ಚೀಟಿ ಆದವು. ತನ್ನ ಕುರ್ಚಿ ಹೋಯಿತು ಎಂದುಕೊಂಡಳು ಕುಂದಾ. ಆದರೂ ಒಂದು ಗುಮಾನಿ ಕಚ್ಚುತ್ತಿತ್ತು. ಇದು ಮಿರಜ, ಇಷ್ಟು ಚುರುಕು ಹೇಗೆ?

ರಾಯವ್ವನಿಗೆ ಓದು ಬಾರದು. ಉದ್ಘಾಟನೆಗೆ ಬಂದು ಚಹಾ ಹಂಚುತ್ತಿದ್ದವನ ಮುಂದೆ ಚೀಟಿ ಹಿಡಿದಳು. “ಯಪ್ಪಾ, ಯಾರ ಹಂತ್ಯಾಕ ಹೋಗಬೇಕ ನೋಡು.”

ಯಲ್ಲಪ್ಪ ಓದಿದ. ಕಿಟ್ಲಿ ಕೆಳಗಿಟ್ಟು ಇನ್ನೊಮ್ಮೆ ಓದಿದ. “ಡಾಕ್ಟರ್ ಯಲ್ಲಪ್ಪ, ಏಳನೇ ನಂಬರು. ಅವ್ವಾ, ಯಲ್ಲಪ್ಪ ಅಂದ್ರ ನಾನ!”

“ನೀನ ಡಾಕ್ಟರನ? ಮತ್ತ ಚಾ ಯಾಕ ಕೊಡಾಕತ್ತಿ?” ರಾಯವ್ವ ಅಲ್ಲೇ ಕೂತು ಸೀರೆ ಮೇಲೆತ್ತಿ ಊದಿದ ಮಂಡಿ ತೋರಿಸಿದಳು. “ಹಂಗಾರ ಇಲ್ಲೇ ನೋಡಿಬಿಡು.”

“ಯವ್ವಾ, ನನ್ನ ಕೈಲೇ ಆಗೂದು ಸುಂಠಿ ಚಾ ಒಂದ!”

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕೂಗಿದ: “ಏಳನೇ ನಂಬರು ನಂದು!” “ನಂದೂ ಏಳ!” ಒಂಬತ್ತು ಚೀಟಿಗಳೂ ಏಳು. ಒಂಬತ್ತರಲ್ಲೂ ಡಾಕ್ಟರ್ ಯಲ್ಲಪ್ಪ.

ಕುಂದಾ ನೆಟ್ಟಗೆ ವೇದಾಂತನ ಮುಂದೆ ಹೋಗಿ ನಿಂತಳು. “ಸ್ಟಬ್ಬಿಗೆ ಹಚ್ಚೀಯೇನೋ?”

ಅವನು ಒಪ್ಪಿಕೊಂಡ. ಬೆಳಿಗ್ಗೆ ದವಾಖಾನೆಗಳ ಕಂಪ್ಯೂಟರು ಉತ್ತರವನ್ನೇ ಕೊಟ್ಟಿರಲಿಲ್ಲ. ಪ್ರೋಗ್ರಾಮು ಕಲ್ಲಾಗಿ ಕೂತಿತ್ತು. ಅತಿಥಿಗಳು ಬಾಗಿಲಿಗೆ ಬಂದಿದ್ದರು. ಮರ್ಯಾದೆ ಉಳಿಸಲು ಸ್ಟಬ್ಬನ್ನೇ ದವಾಖಾನೆ ಮಾಡಿದ್ದ. ಕುಂದಾ ಕಲಿಸಿದ ಬುದ್ಧಿಯನ್ನೆಲ್ಲ ಅಳಿಸಿ, ಯಾರು ಕೇಳಿದರೂ ಏಳನೇ ನಂಬರು ಕೊಟ್ಟು ಬರೀ ಹೂಂ ಎನ್ನುವಂತೆ ಮಾಡಿದ್ದ. ಯಲ್ಲಪ್ಪನ ಹೆಸರು ಮಾತ್ರ ಅಳಿಸಲು ಮರೆತಿದ್ದ. “ದುಪಾರಕ್ಕ, ಊಟದ ಹೊತ್ತಿಗೆ ತಿರುಗಿ ದವಾಖಾನಿಗೆ ಹಚ್ಚಾಂವ ಇದ್ದೆ, ಅಕ್ಕಾ.”

“ದುಪಾರತನಕ ಈ ಮಂದಿ ಯಾವ ಡಾಕ್ಟರ್‌ನ ಹುಡುಕ್ಕೋಂತ ತಿರುಗಬೇಕಿತ್ತು?”

ನಗರಸೇವಕರು ಶಾಲು ಮಡಚಿಕೊಂಡು ಜೀಪು ಹತ್ತಿದರು. ಸಂಮೇದ ತಲೆ ಹಿಡಿದು ಕೂತ. ಕುಂದಾ ಕೂರಲಿಲ್ಲ. “ಏಳ್ರಿ ಸಾಹೇಬ್ರ. ಬೂಟ ಬಿಚ್ರಿ.”

“ಏನು?”

“ಒಂಬತ್ತ ಮಂದಿ ಅದಾರ. ನಿಮ್ಮವು ಎರಡು, ವೇದಾಂತಂದು ಎರಡು, ಯಲ್ಲಪ್ಪಂದು ಎರಡು, ನನ್ನವು ಎರಡು. ಎಂಟಾದವು. ಒಂಬತ್ತನೇದಕ್ಕ ನಾ ನಿಂದರ್ತೇನಿ.”

ಹೀಗೆ ಮಿರಜದ ನಾಲ್ಕು ದವಾಖಾನೆಗಳ ಪಾಳಿಗಳಲ್ಲಿ ಸಂಮೇದನ ಹೊಳೆಯುವ ಬೂಟೂ ಯಲ್ಲಪ್ಪನ ಹರಕು ಚಪ್ಪಲಿಯೂ ಒಂದೊಂದೇ ಹೆಜ್ಜೆ ಮುಂದೆ ಸರಿದವು. ರೋಗಿಗಳು ಯಲ್ಲಪ್ಪನ ಶುಂಠಿ ಚಹಾ ಕುಡಿಯುತ್ತ ನೆರಳಲ್ಲಿ ಕೂತರು. ಕಂಪನಿಯ ಮಾಲಕ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಅತ್ತಿಂದಿತ್ತ ಓಡಾಡಿ ತನ್ನ ಬೂಟು ಕಾದ. ಸಂಜೆ ನಾಲ್ಕರೊಳಗೆ ಒಂಬತ್ತೂ ಮಂದಿ ಡಾಕ್ಟರರನ್ನು ಕಂಡಿದ್ದರು.

ಸಂಮೇದ ಅಂಗಾಲು ತಿಕ್ಕಿಕೊಳ್ಳುತ್ತ ಕೇಳಿದ: “ಕುಂದಾಬಾಯಿ, ಆ ಇಪ್ಪತ್ತೆರಡು ತಕರಾರು ಎಲ್ಲಿ ಅದಾವು?”

“ನಿಮ್ಮ ಟೇಬಲ್ ಮ್ಯಾಲ. ಅದರ ಮ್ಯಾಲ ದಿನಾ ಚಾದ ಕಪ್ ಇಡ್ತೀರಲ್ಲ.”

ಕೇಂದ್ರ ಮೂರು ವಾರ ಮುಚ್ಚಿತು. ಚಹಾದ ಕಲೆಯ ಆ ಹಾಳೆ ಹಿಡಿದು ವೇದಾಂತ ಒಂದೊಂದನ್ನೇ ತಿದ್ದಿದ. ಕುಂದಾ ತನ್ನ ಕುರ್ಚಿಯಲ್ಲಿ ಕೂತು ಒಂದೊಂದನ್ನೇ ಮತ್ತೆ ಕೆಡಿಸಿ ನೋಡಿದಳು. ಫೋನಿನ ಮಾತು ಯಾರೂ ಎತ್ತಲಿಲ್ಲ. ನಾಚಿಕೆಯಿಂದ ಯಲ್ಲಪ್ಪನ ಹೆಸರು ತೆಗೆಯಲು ಹೋದ ವೇದಾಂತನ ಕೈ ಹಿಡಿದಳು. “ಇರ್ಲಿ ಬಿಡು. ಸುಳ್ಳು ಹೇಳೂದು ಅದರ ಕೆಲಸ, ಹೇಳ್ಲಿ. ಆದ್ರ ಸಿಕ್ಕ ಬೀಳೂ ಹಂಗ ಹೇಳ್ಬೇಕು.”

ಮರುತಿಂಗಳು ರಾಯವ್ವ ಮತ್ತೆ ಬಂದಳು. ದವಾಖಾನೆಯ ಕಂಪ್ಯೂಟರು ಎಂದಿನಂತೆ ಬಾಯಿ ಬಿಡಲಿಲ್ಲ. ಪ್ರೋಗ್ರಾಮು ಈ ಸಲ ಕಲ್ಲಾಗಲಿಲ್ಲ; ‘ಉತ್ತರ ಬಂದಿಲ್ಲ, ಮತ್ತೆ ಕೇಳುತ್ತಿದ್ದೇನೆ, ಕುಳಿತಿರಿ’ ಎಂದು ತೋರಿಸಿತು. ಕುಂದಾ ಅದನ್ನು ಓದಿ ಹೇಳಿದಳು. ಮೂರನೇ ಸಲಕ್ಕೆ ಚೀಟಿ ಬಂತು, ಇಪ್ಪತ್ತಾರನೇ ನಂಬರು.

ರಾಯವ್ವ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡಳು, ಎದ್ದು ಹೋಗಲಿಲ್ಲ. “ಇವರನ್ನ ಆಮ್ಯಾಲ ನೋಡ್ತೇನಿ,” ಎಂದಳು. “ಮೊದಲ ಆ ಸುಂಠಿ ಚಾದ ಡಾಕ್ಟರ್‌ನ ಕರಿ. ಅವನ ಕೈಗುಣ ಚಲೋ ಐತಿ.”